"ಅಕ್ಕಪಕ್ಕದ ಮನೆಯವರು ಏನ್ ಮಾಡ್ತಿದ್ರು ಮಿಸ್?"

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಟೀಚರ್. ಒಂಬತ್ತನೇ ಕ್ಲಾಸಿಗೆ ಹಿಟ್ಲರ್ ಪಾಠ ಮಾಡುವಾಗ ಯಹೂದಿಗಳ ಮೇಲೆ ನಡೆದ ದೌರ್ಜನ್ಯದ ಬಗ್ಗೆ ಹೇಳಿದೆ. ಒಬ್ಬ ಹುಡುಗ ಎದ್ದು ನಿಂತು, "ಅಷ್ಟೆಲ್ಲ ಆಗೋವಾಗ ಅಕ್ಕಪಕ್ಕದ ಮನೆಯವರು ಏನ್ ಮಾಡ್ತಿದ್ರು ಮಿಸ್?" ಅಂತ ಕೇಳಿದ. "ಪಾಪ, ಹೆದರಿಕೊಂಡು ಸುಮ್ಮನಿದ್ದರು" ಅಂದೆ. ಆ ಉತ್ತರ ನನಗೇ ಸರಿ ಅನಿಸಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ, "ಆದ್ರೂ ಹಿಟ್ಲರ್ ದೇಶ ಕಟ್ಟಿದ ಅಲ್ವಾ ಮಿಸ್" ಅಂದ. ಬೆಲ್ ಆಯಿತು. ಇನ್ನು ನಾಲ್ಕು ಪೀರಿಯಡ್ ಸಿಗಬಹುದು. ಇದನ್ನು ಹೇಗೆ ಕಲಿಸಲಿ ಸರ್? ಮಕ್ಕಳಿಂದ ಪಾತ್ರ ಮಾಡಿಸಬಹುದಾ? ಯಹೂದಿಗಳನ್ನು ಕೂಡಿಹಾಕಿದ ಕ್ಯಾಂಪುಗಳ ಫೋಟೋ ತೋರಿಸಬಹುದಾ?

ಉತ್ತರ: ಮೇಡಂ, ಮೊದಲು ಆ ಹುಡುಗನ ಬೆನ್ನು ತಟ್ಟಿ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನಾನು ಇತಿಹಾಸದ ಶಿಕ್ಷಕರಿಗೆ ತರಬೇತಿ ಕೊಡುತ್ತಾ ಬಂದಿದ್ದೇನೆ. "ಹಿಟ್ಲರ್ ಯಾಕೆ ಹಾಗೆ ಮಾಡಿದ?" ಅಂತ ಎಲ್ಲ ಕ್ಲಾಸಿನಲ್ಲೂ ಕೇಳುತ್ತಾರೆ. ಪಕ್ಕದ ಮನೆಯವರ ವಿಚಾರ ಕೇಳುವ ಮಗು ಅಪರೂಪ. 60 ಲಕ್ಷ ಯಹೂದಿಗಳನ್ನು ಕೊಲ್ಲುವುದು ಒಬ್ಬ ಮನುಷ್ಯನ ಕೈಲಿ ಆಗುವ ಕೆಲಸ ಅಲ್ಲ ಅಂತ ಅವನಿಗೆ ಹೊಳೆದಿದೆ.

ನಿಮ್ಮ ಉತ್ತರ ಪೂರ್ತಿ ತಪ್ಪಲ್ಲ. ಅದಕ್ಕೆ ತಾರೀಕು ಹಾಕಿಲ್ಲ, ಅಷ್ಟೇ. 1942ರಲ್ಲಿ, ಜರ್ಮನ್ ಸೇನೆ ಹಿಡಿದಿದ್ದ ಪೋಲೆಂಡಿನಲ್ಲಿ, ಯಹೂದಿಯನ್ನು ಮನೆಯಲ್ಲಿ ಅಡಗಿಸಿಟ್ಟರೆ ಮರಣದಂಡನೆ. ಅಲ್ಲಿ ಹೆದರಿಕೆ ನಿಜ. ಆದರೆ 1933ರಲ್ಲಿ ಬರ್ಲಿನ್‌ನ ಯಹೂದಿ ಅಂಗಡಿಯಲ್ಲಿ ಒಂದು ಜೊತೆ ಕಾಲುಚೀಲ ಕೊಂಡರೆ ಯಾರೂ ಗಲ್ಲಿಗೆ ಹಾಕುತ್ತಿರಲಿಲ್ಲ. ಈ ಎರಡರ ನಡುವೆ ಒಂಬತ್ತು ವರ್ಷ ಇದೆ. ಆ ಒಂಬತ್ತು ವರ್ಷದಲ್ಲಿ ಜನ ಸುಮ್ಮನಿದ್ದದ್ದಕ್ಕೆ ಒಂದೊಂದು ಸಲ ಒಂದೊಂದು ಕಾರಣ ಇತ್ತು. ನಿಮ್ಮ ನಾಲ್ಕು ಪೀರಿಯಡ್ಡನ್ನೂ ಅದಕ್ಕೇ ಇಟ್ಟುಕೊಳ್ಳಿ. ಯಾವ ದಿನ, ಯಾವ ಊರು, ಯಾರು ನಿಂತು ನೋಡಿದರು, ಆ ದಿನ ಏನಾದರೂ ಮಾಡಿದ್ದರೆ ಅವರಿಗೆ ಆಗುತ್ತಿದ್ದ ನಷ್ಟ ಎಷ್ಟು? ಇದನ್ನೇ ಮತ್ತೆ ಮತ್ತೆ ಕೇಳಿ.

ಕ್ಯಾಂಪುಗಳಿಂದ ಶುರು ಮಾಡಬೇಡಿ. ಹೆಣಗಳ ರಾಶಿಯ ಫೋಟೋ ಬೇಡವೇ ಬೇಡ. ಹದಿನಾಲ್ಕು ವರ್ಷದ ಮಕ್ಕಳು ಅದನ್ನು ನೋಡಿ ಬೆಚ್ಚಿಬೀಳುತ್ತಾರೆ, ಇಲ್ಲವೇ ಮುಖ ತಿರುಗಿಸಿ ನಗುತ್ತಾರೆ. ಆ ನಗು ಕೆಟ್ಟತನ ಅಲ್ಲ, ತಡೆದುಕೊಳ್ಳಲಾಗದೆ ಬರುವ ನಗು. ಮೊದಲ ಸಲ ಹೆಣವಾಗಿಯೇ ಕಂಡವರು ಮಕ್ಕಳಿಗೆ ಆಮೇಲೆ ಮನುಷ್ಯರಾಗಿ ಕಾಣುವುದು ಕಷ್ಟ. ಬದಲಿಗೆ ಯುದ್ಧಕ್ಕೆ ಮುಂಚಿನ ಫೋಟೋ ತೋರಿಸಿ. ಮದುವೆ ಫೋಟೋ, ಸ್ಕೂಲಿನ ಗ್ರೂಪ್ ಫೋಟೋ, ಅಂಗಡಿ ಬಾಗಿಲಲ್ಲಿ ನಿಂತ ಅಪ್ಪ ಮಗ. 1933ರಲ್ಲಿ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು 5 ಲಕ್ಷ. ನೂರು ಜನರಲ್ಲಿ ಒಬ್ಬರೂ ಇಲ್ಲ. ಡಾಕ್ಟರು, ಮೇಷ್ಟ್ರು, ಬಟ್ಟೆ ಅಂಗಡಿಯವರು, ದನದ ವ್ಯಾಪಾರಿಗಳು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಸುಮಾರು 1 ಲಕ್ಷ ಯಹೂದಿಗಳು ಹೋರಾಡಿದ್ದರು, 12,000 ಮಂದಿ ಸತ್ತಿದ್ದರು. ಅಷ್ಟು ಕಡಿಮೆ ಇದ್ದವರನ್ನು, ತಮ್ಮ ಜೊತೆಗೇ ಯುದ್ಧ ಮಾಡಿದವರನ್ನು, "ದೇಶಕ್ಕೆ ಅಪಾಯ" ಅಂತ ಹೇಗೆ ನಂಬಿಸಿದರು? ಈ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು ನಾಲ್ಕು ದಿನವೂ ಅಳಿಸದೆ ಬಿಡಿ.

ಆಮೇಲೆ ಒಂದು ಶನಿವಾರದ ಕಥೆ ಹೇಳಿ. 1933ರ ಜನವರಿ 30ಕ್ಕೆ ಹಿಟ್ಲರ್ ಚಾನ್ಸೆಲರ್, ಅಂದರೆ ಸರ್ಕಾರದ ಮುಖ್ಯಸ್ಥ ಆದ. ಎರಡು ತಿಂಗಳಿಗೆ, ಏಪ್ರಿಲ್ 1ರಂದು, ದೇಶದ ತುಂಬಾ ಯಹೂದಿ ಅಂಗಡಿಗಳ ಮುಂದೆ ಹಿಟ್ಲರನ ನಾಜಿ ಪಕ್ಷದ ಕಂದು ಅಂಗಿಯ ಎಸ್‌ಎ ಪಡೆಯವರು ಬೋರ್ಡು ಹಿಡಿದು ನಿಂತರು. "ಜರ್ಮನರೇ, ನಿಮ್ಮನ್ನು ಕಾಪಾಡಿಕೊಳ್ಳಿ, ಯಹೂದಿಗಳ ಹತ್ತಿರ ಕೊಳ್ಳಬೇಡಿ" ಅಂತ ಅದರಲ್ಲಿ ಬರೆದಿತ್ತು. ಅಂಗಡಿಗೆ ಹೋಗಬಾರದು ಅಂತ ಕಾನೂನು ಇರಲಿಲ್ಲ. ಆದರೂ ಎಷ್ಟೋ ಜನ ಬೋರ್ಡು ನೋಡಿ ಹಿಂದಕ್ಕೆ ತಿರುಗಿದರು. ಕೆಲವರು ಮಾತ್ರ ಹೋದರು. ಬರ್ಲಿನ್‌ನಲ್ಲಿ ಜೂಲಿ ಬೋನ್‌ಹೋಫರ್ ಅನ್ನುವ 90 ವರ್ಷದ ಅಜ್ಜಿ ಆ ಕಾವಲಿನವರ ನಡುವೆಯೇ ನಡೆದು ಒಳಗೆ ಹೋಗಿ, ಸಾಮಾನು ಕೊಂಡು ಹೊರಗೆ ಬಂದರು. ಮುಂದೆ ನಾಜಿಗಳನ್ನು ಎದುರಿಸಿ 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದ ಪಾದ್ರಿ ಡೀಟ್ರಿಖ್ ಬೋನ್‌ಹೋಫರ್ ಇವರ ಮೊಮ್ಮಗ. ಈ ಅಜ್ಜಿಯ ಕಥೆ ಹೇಳಿದಾಗ ಮಕ್ಕಳು ಮೊದಲು ಕೇಳುವುದು, "ಅವರಿಗೆ ಏನೂ ಮಾಡಲಿಲ್ವಾ?" ಅಂತ. ಇಲ್ಲ, ಏನೂ ಮಾಡಲಿಲ್ಲ. ಆಗ ಕ್ಲಾಸು ಒಂದು ಕ್ಷಣ ಸ್ತಬ್ಧವಾಗುತ್ತದೆ. ಆ ಹೊತ್ತಿನಲ್ಲಿ ನೀವು ಮಾತಾಡಬೇಡಿ. ಅವರು ಯೋಚಿಸಲಿ.

ಅದೇ ಏಪ್ರಿಲ್ 7ಕ್ಕೆ ಹೊಸ ಕಾನೂನು ಬಂತು. ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು. ಅಲ್ಲಿನ ಪ್ರೊಫೆಸರ್‌ಗಳೂ ಸರ್ಕಾರಿ ನೌಕರರೇ. ಇಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯದ ಒಂದು ಘಟನೆಯನ್ನು ತಪ್ಪದೆ ಹೇಳಿ. ಜೇಮ್ಸ್ ಫ್ರಾಂಕ್ ಅಲ್ಲಿನ ಭೌತವಿಜ್ಞಾನಿ, ನೊಬೆಲ್ ಪಡೆದವರು, ಯಹೂದಿ. ಯುದ್ಧದಲ್ಲಿ ಸೇವೆ ಮಾಡಿದ್ದಕ್ಕೆ ಕಾನೂನು ಅವರಿಗೆ ವಿನಾಯಿತಿ ಕೊಟ್ಟಿತ್ತು. ಬೇಕಿದ್ದರೆ ಸುಮ್ಮನೆ ಇರಬಹುದಿತ್ತು. ಅವರು ಬಹಿರಂಗವಾಗಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಆಗ ಅದೇ ವಿಶ್ವವಿದ್ಯಾಲಯದ 42 ಅಧ್ಯಾಪಕರು ಒಂದು ಹೇಳಿಕೆಗೆ ಸಹಿ ಹಾಕಿದರು. ಕೆಲಸ ಕಳೆದುಕೊಳ್ಳುತ್ತಿದ್ದವರ ಪರವಾಗಿ ಅಲ್ಲ, ಫ್ರಾಂಕ್ ವಿರುದ್ಧ! ಇವರ ರಾಜೀನಾಮೆಯಿಂದ ದೇಶದ ಹೆಸರು ಹಾಳಾಗುತ್ತದೆ ಅಂತ.

ಈ 42 ಸಹಿಗಳ ಮೇಲೆ ಒಂದು ಪೂರ್ತಿ ಪೀರಿಯಡ್ ಕಳೆದರೂ ನಷ್ಟ ಇಲ್ಲ. ಇವರು ಓದಿದವರು, ಪ್ರೊಫೆಸರ್‌ಗಳು. ಇವರ ತಲೆಗೆ ಯಾರೂ ಬಂದೂಕು ಇಟ್ಟಿರಲಿಲ್ಲ. ಹಾಗಾದರೆ ಯಾಕೆ? ಮಕ್ಕಳೇ ಕಾರಣ ಹುಡುಕಲಿ, ನೀವು ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. ನಾನು ಮಾಡಿಸಿದ ಕ್ಲಾಸುಗಳಲ್ಲಿ ಬಂದ ಉತ್ತರ ಕೇಳಿ: ಕೆಲಸ ಹೋಗುತ್ತದೆ ಅಂತ. ಅವರ ಕುರ್ಚಿ ನಮಗೆ ಸಿಗುತ್ತದೆ ಅಂತ. ಎಲ್ಲರೂ ಹಾಕಿದರು, ನಾನೂ ಹಾಕಿದೆ ಅಂತ. ಮೊದಲಿನಿಂದಲೂ ಅವರನ್ನು ಕಂಡರೆ ಆಗುತ್ತಿರಲಿಲ್ಲ ಅಂತ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಊರ ಉಸಾಬರಿ ನಮಗ್ಯಾಕೆ ಅಂತ ಸರ್, ನಮ್ಮ ಮನೇಲೂ ಹಾಗೇ ಹೇಳ್ತಾರೆ" ಅಂದಳು. "ಹೆದರಿಕೆ" ಅನ್ನುವ ಒಂದೇ ಪದ ಈಗ ಆರೇಳು ಕಾರಣವಾಗಿ ಒಡೆದಿರುತ್ತದೆ. ನಿಮ್ಮ ಪಾಠದ ಅರ್ಧ ಕೆಲಸ ಅಲ್ಲಿಗೆ ಆಯಿತು.

"ದೇಶ ಕಟ್ಟಿದ" ಅಂದ ಹುಡುಗನನ್ನು ಬೈಯಬೇಡಿ. ಕಟ್ಟುನಿಟ್ಟಿನ ಹೆಡ್‌ಮಾಸ್ಟರಿಗೆ, ಜೋರು ಮಾಡುವ ಅತ್ತೆಗೆ "ಹಿಟ್ಲರ್" ಅಂತ ಹೆಸರಿಡುವ ವಾತಾವರಣದಲ್ಲಿ ಬೆಳೆದ ಮಗು ಅದು. ಅವನಿಗೆ ಲೆಕ್ಕ ಕೊಡಿ. 1932ರ ನವೆಂಬರ್ ಚುನಾವಣೆಯಲ್ಲಿ ನಾಜಿಗಳಿಗೆ ಬಿದ್ದ ಮತ ನೂರಕ್ಕೆ 33. ಮೂರರಲ್ಲಿ ಇಬ್ಬರು ಅವರಿಗೆ ಮತ ಹಾಕಿರಲಿಲ್ಲ. ಕೆಲಸ ಸಿಕ್ಕಿದ್ದು ನಿಜ, ಆದರೆ ಅದರಲ್ಲಿ ಬಹುಪಾಲು ಸಾಲ ಮಾಡಿ ನಡೆಸಿದ ಯುದ್ಧದ ತಯಾರಿ. ಕೆಲಸದಿಂದ ತೆಗೆದ ಯಹೂದಿಗಳು ನಿರುದ್ಯೋಗದ ಲೆಕ್ಕಕ್ಕೇ ಬರಲಿಲ್ಲ. ಹನ್ನೆರಡು ವರ್ಷದ ಕೊನೆಗೆ ಬರ್ಲಿನ್ ಕಲ್ಲು ಮಣ್ಣಿನ ಗುಡ್ಡೆಯಾಗಿತ್ತು, ದೇಶ ಹೋಳಾಯಿತು. 1945ರ ಬರ್ಲಿನ್ ಬೀದಿಯ ಒಂದು ಫೋಟೋ ಅವನ ಕೈಗೆ ಕೊಟ್ಟು, "ನೋಡಿ ಹೇಳಪ್ಪಾ" ಅನ್ನಿ. ವಾದ ಮಾಡುವುದಕ್ಕಿಂತ ಅದು ಒಳ್ಳೆಯದು. ಸ್ವಸ್ತಿಕದ ಪ್ರಶ್ನೆಯೂ ಬಂದೇ ಬರುತ್ತದೆ. ನಾಜಿಗಳು ತಮ್ಮ ಗುರುತಿಗೆ ಇಟ್ಟ ಹೆಸರು "ಹಾಕೆನ್‌ಕ್ರಾಯ್ಟ್ಸ್", ಅಂದರೆ ಕೊಕ್ಕೆ ಶಿಲುಬೆ. ನಮ್ಮ ಹೊಸ್ತಿಲ ಮೇಲಿನ ಸ್ವಸ್ತಿಕಕ್ಕೂ ಅವರ ಕೃತ್ಯಕ್ಕೂ ಸಂಬಂಧ ಇಲ್ಲ. ಆದರೆ ಅಲ್ಲಿ ಸಂಬಂಧಿಕರನ್ನು ಕಳೆದುಕೊಂಡವರಿಗೆ ಆ ಆಕಾರ ನೋಡಿದರೆ ಮೈ ನಡುಗುತ್ತದೆ. ಎರಡೂ ಮಾತು ಹೇಳಿ ಮುಂದಕ್ಕೆ ಹೋಗಿ.

ಮುಂದೆ 1938ರ ನವೆಂಬರ್ 9ರ ರಾತ್ರಿ. ಜರ್ಮನಿ, ಆಸ್ಟ್ರಿಯಾ ತುಂಬಾ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ, ಅಂದರೆ ಸಿನಗಾಗ್‌ಗಳಿಗೆ, ಬೆಂಕಿ ಬಿತ್ತು. ಸುಮಾರು 7,500 ಅಂಗಡಿಗಳ ಗಾಜು ಒಡೆದರು. ಸುಮಾರು 30,000 ಗಂಡಸರನ್ನು ಹಿಡಿದು ಕ್ಯಾಂಪಿಗೆ ಕಳಿಸಿದರು. ಫೈರ್ ಎಂಜಿನ್‌ಗಳು ಬಂದವು. ಆದರೆ ಅಗ್ನಿಶಾಮಕದವರಿಗೆ ಇದ್ದ ಆದೇಶ ಬೇರೆ. ಸಿನಗಾಗ್ ಉರಿಯಲಿ, ಪಕ್ಕದ ಕಟ್ಟಡಕ್ಕೆ ಬೆಂಕಿ ಹತ್ತದಂತೆ ನೋಡಿಕೊಳ್ಳಿ. ಬೆಂಕಿ ಆರಿಸುವುದೇ ಕೆಲಸವಾದವರು ಪೈಪು ಹಿಡಿದು ನೋಡುತ್ತಾ ನಿಂತರು. ಅದೇ ರಾತ್ರಿ ಬರ್ಲಿನ್‌ನ ಓರಾನಿಯೆನ್‌ಬುರ್ಗರ್ ಬೀದಿಯ ದೊಡ್ಡ ಸಿನಗಾಗ್‌ಗೂ ಬೆಂಕಿ ಇಟ್ಟಿದ್ದರು. ಅಲ್ಲಿನ ಠಾಣೆಯ ಪೊಲೀಸರು, ಇದು ಸರ್ಕಾರ ರಕ್ಷಿಸಬೇಕಾದ ಹಳೆಯ ಕಟ್ಟಡ ಅಂತ ಹೇಳಿ ಎಸ್‌ಎ ಪಡೆಯವರನ್ನು ಓಡಿಸಿ, ಫೈರ್ ಎಂಜಿನ್ ಕರೆಸಿ ಬೆಂಕಿ ಆರಿಸಿದರು. ಠಾಣೆಯ ಮುಖ್ಯಸ್ಥ ವಿಲ್ಹೆಲ್ಮ್ ಕ್ರುಟ್ಸ್‌ಫೆಲ್ಡ್ ಆಮೇಲೆ ಮೇಲಧಿಕಾರಿಯ ಹತ್ತಿರ ಬೈಸಿಕೊಂಡರು. ಜೈಲಿಗೇನೂ ಹೋಗಲಿಲ್ಲ. ಎರಡು ಘಟನೆಯನ್ನೂ ಅಕ್ಕಪಕ್ಕ ಇಟ್ಟು ಹೇಳಿ. ಒಂದೇ ರಾತ್ರಿ, ಒಂದೇ ಸರ್ಕಾರ, ಇಬ್ಬರೂ ಯೂನಿಫಾರಂ ಹಾಕಿದವರು.

ಫೋಟೋ ಬೇಕು ಅಂದಿರಿ ಅಲ್ವಾ? ನಾನು ಹೆಚ್ಚು ಬಳಸುವುದು ಲೋರಾಖ್ ಅನ್ನುವ ಊರಿನ ಫೋಟೋಗಳನ್ನು. ಸ್ವಿಟ್ಜರ್ಲೆಂಡಿನ ಗಡಿಯ ಹತ್ತಿರದ ಚಿಕ್ಕ ಜರ್ಮನ್ ಊರು. 1940ರ ಅಕ್ಟೋಬರ್ 22ರಂದು ಆ ಸೀಮೆಯ ಸುಮಾರು 6,500 ಯಹೂದಿಗಳನ್ನು ಒಂದೇ ಏಟಿಗೆ ಮನೆಯಿಂದ ಹೊರಡಿಸಿ, ದಕ್ಷಿಣ ಫ್ರಾನ್ಸಿನ ಗುರ್ಸ್ ಕ್ಯಾಂಪಿಗೆ ಸಾಗಿಸಿದರು. ತಲೆಗೆ 50 ಕಿಲೋ ಸಾಮಾನು, 100 ಮಾರ್ಕ್ ದುಡ್ಡು. ಲೋರಾಖ್‌ನಲ್ಲಿ ಅದನ್ನು ಯಾರೋ ಸಾಲಾಗಿ ಫೋಟೋ ತೆಗೆದಿದ್ದಾರೆ. ತೆರೆದ ಲಾರಿ, ಅದಕ್ಕೆ ಹತ್ತುತ್ತಿರುವ ವಯಸ್ಸಾದವರು, ಸುತ್ತ ನಿಂತ ಊರ ಜನ. ಕತ್ತಲಲ್ಲಿ ಕದ್ದು ಮಾಡಿದ್ದಲ್ಲ. ಹಗಲು ಹೊತ್ತು, ಪೇಟೆ ಮಧ್ಯೆ.

ಫೋಟೋ ಏನು ಅಂತ ಮೊದಲೇ ಹೇಳಬೇಡಿ. "ಎಷ್ಟು ಜನ ಇದ್ದಾರೆ ಎಣಿಸಿ" ಅನ್ನಿ. ಮಕ್ಕಳು ಎಣಿಸುವಾಗ ಒಂದೊಂದು ಮುಖವನ್ನೂ ನೋಡಲೇಬೇಕಾಗುತ್ತದೆ. ಯಾರು ಹೋಗುತ್ತಿದ್ದಾರೆ, ಯಾರು ಕಳಿಸುತ್ತಿದ್ದಾರೆ, ಯಾರು ಸುಮ್ನೆ ನಿಂತಿದ್ದಾರೆ? ಆಮೇಲೆ ಅದೇ ಊರಿನ ಇನ್ನೊಂದು ಫೋಟೋ ಇಡಿ. ಹೋದವರ ಮನೆ ಸಾಮಾನಿನ ಹರಾಜು. ಜನ ಕಿಕ್ಕಿರಿದು ನಿಂತಿದ್ದಾರೆ. ಒಂದು ಸಲ ಆ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು ಒಬ್ಬ ಹುಡುಗಿ ಕೇಳಿದಳು: "ಸರ್, ಆ ಪಾತ್ರೆಯೆಲ್ಲ ತೊಳೆದು ಇಟ್ಟಿದ್ರಾ, ಇಲ್ಲಾ ಅಡುಗೆ ಅರ್ಧಕ್ಕೆ ಬಿಟ್ಟು ಹೋಗಿದ್ರಾ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಆದರೆ ಅವಳು ಒಂದು ಮನೆಯ ಒಳಗೆ ಹೋಗಿ ನಿಂತಿದ್ದಳು. 60 ಲಕ್ಷ ಅನ್ನುವ ಅಂಕಿಗೆ ಆ ಶಕ್ತಿ ಇಲ್ಲ. ಇನ್ನೊಬ್ಬ ಕೇಳಿದ, "ಆ ಮಂಚ ಕೊಂಡುಕೊಂಡು ಹೋದವನು ನೋಡುತ್ತಾ ನಿಂತವನಾ, ಸೇರಿಕೊಂಡವನಾ?" ನಲವತ್ತು ನಿಮಿಷ ಅದೇ ಚರ್ಚೆ ಆಯಿತು. ಅಲ್ಲಿಂದಾಚೆಗೆ ನಾನು "ನೋಡುತ್ತಾ ನಿಂತವರು" ಅಂತ ಒಂದು ಖಾನೆ ಮಾಡಿ ಜನರನ್ನು ಅದರೊಳಗೆ ತುಂಬುವುದನ್ನೇ ಬಿಟ್ಟೆ. ಅದೇ ಮನುಷ್ಯ ಬೆಳಿಗ್ಗೆ ನೋಡುತ್ತಾ ನಿಂತಿರುತ್ತಾನೆ, ಮುಂದಿನ ವಾರ ಹರಾಜಿನಲ್ಲಿ ಕೂಗುತ್ತಾನೆ. ಒಬ್ಬರಿಗೆ ಸಹಾಯ ಮಾಡಿದವನೇ ಇನ್ನೊಬ್ಬರ ಬಾಗಿಲು ಬಡಿತಕ್ಕೆ ಏಳದೇ ಇರಬಹುದು.

ಈಗ ಪಾತ್ರ ಮಾಡಿಸುವ ವಿಚಾರ. ದಯವಿಟ್ಟು ಮಾಡಿಸಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ತಪ್ಪು ಮಾಡಿದ್ದೇನೆ. ನಾಜಿಗಳು ಯಹೂದಿಗಳಿಗೆ ಹಾಕಿಸುತ್ತಿದ್ದಂಥ ಹಳದಿ ನಕ್ಷತ್ರವನ್ನು ಕಾಗದದಲ್ಲಿ ಕತ್ತರಿಸಿ, ಅರ್ಧ ಕ್ಲಾಸಿಗೆ ಅಂಟಿಸಿ, ಅವರನ್ನು ಒಂದು ಪೀರಿಯಡ್ ಹಿಂದೆ ನಿಲ್ಲಿಸಿದೆ. ಉಳಿದವರಿಗೆ ಅದು ಆಟ, ಕಿಸಕಿಸ ನಗು. ನಕ್ಷತ್ರ ಸಿಕ್ಕಿದವರಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ನಿಂತ. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. ಅವನ ಕೇರಿಯವರಿಗೆ ಊರಿನ ಹೋಟೆಲ್‌ನಲ್ಲಿ ಬೇರೆ ಲೋಟ ಇಡುತ್ತಿದ್ದರು ಅಂತ ನನಗೆ ತಿಳಿದಿದ್ದು ಅವರ ಮನೆಗೆ ಹೋದ ಮೇಲೆ. ಬೇರೆ ನಿಲ್ಲುವುದು ಅಂದರೇನು ಅಂತ ನಾನು ಅವನಿಗೆ ಕಲಿಸಬೇಕಾಗಿರಲಿಲ್ಲ. ಎಲ್ಲರ ಮುಂದೆ ಮತ್ತೆ ಒಂದು ಸಲ ನಿಲ್ಲಿಸಿದ್ದೆ. ಅವನ ಅಮ್ಮ ಕಾಫಿ ಕೊಟ್ಟರು, ಏನೂ ಅನ್ನಲಿಲ್ಲ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ನಿಮ್ಮ ಕ್ಲಾಸಿನಲ್ಲೂ ಅಂಥ ಮಗು ಇರಬಹುದು, ಅಂಥ ಲೋಟ ಇಟ್ಟ ಮನೆಯ ಮಗುವೂ ಇರಬಹುದು. ಅವರಾಗಿ ಹೋಲಿಕೆ ತಂದರೆ ಬಾಯಿ ಮುಚ್ಚಿಸಬೇಡಿ. ಪೂರ್ತಿ ಕೇಳಿ. ಆದರೆ "ಎರಡೂ ಒಂದೇ" ಅಂತಲೂ ಹೇಳಬೇಡಿ, "ಅದು ಜಾಸ್ತಿ ಇದು ಕಡಿಮೆ" ಅಂತ ತೂಗಲೂ ಬೇಡಿ. ಅಸ್ಪೃಶ್ಯತೆಗೆ ಅದರದೇ ಇತಿಹಾಸ ಇದೆ, ಯಹೂದಿದ್ವೇಷಕ್ಕೆ ಅದರದೇ ಇತಿಹಾಸ ಇದೆ. ಎರಡನ್ನೂ ಅದರದರ ಹೆಸರಿನಿಂದಲೇ ಕರೆಯಿರಿ. "ನೀವು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ?" ಅನ್ನುವ ಪ್ರಶ್ನೆಯೂ ಬೇಡ. ಎಲ್ಲ ಮಕ್ಕಳೂ "ಕಾಪಾಡುತ್ತಿದ್ದೆ" ಅನ್ನುತ್ತಾರೆ. ಸುಲಭವಾಗಿ ವೀರರಾಗಿಬಿಡುತ್ತಾರೆ, ಕಲಿಯುವುದು ಅಲ್ಲಿಗೆ ನಿಲ್ಲುತ್ತದೆ. "ಅವರು ಏನು ಮಾಡಿದರು, ಆ ದಿನ ಇನ್ನೇನು ಮಾಡಬಹುದಿತ್ತು?" ಅಂತ ಕೇಳಿ.

ದೂರದ ದೇಶದ ಕಥೆ ಅಂತ ಮಕ್ಕಳು ಅಂದರೆ ಗಾಟಿಂಗೆನ್‌ಗೇ ವಾಪಸ್ ಹೋಗಿ. ಅಲ್ಲಿ ಫ್ರಾಂಕ್ ಜೊತೆ ಮ್ಯಾಕ್ಸ್ ಬಾರ್ನ್ ಅನ್ನುವ ಇನ್ನೊಬ್ಬ ದೊಡ್ಡ ವಿಜ್ಞಾನಿ ಇದ್ದರು. ತಮ್ಮನ್ನು ಕೆಲಸದಿಂದ ತೆಗೆದದ್ದು ಅವರಿಗೆ ಪೇಪರಿನಲ್ಲಿ ಹೆಸರು ನೋಡಿದಾಗ ತಿಳಿಯಿತು. ಅವರನ್ನು 1935ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಕರೆಸಿಕೊಂಡವರು ಸಿ.ವಿ. ರಾಮನ್. ಕೆಲವು ತಿಂಗಳು ಇದ್ದರು. ಅವರನ್ನು ಇಲ್ಲೇ ಕಾಯಂ ಉಳಿಸಿಕೊಳ್ಳಬೇಕು ಅಂತ ರಾಮನ್ ಪಟ್ಟು ಹಿಡಿದರು. ಅದಕ್ಕೆ ನಡೆದ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ವಿದೇಶಿ ನಮಗೆ ಸಾಲದು ಅನ್ನುವ ಅರ್ಥದ ಮಾತಾಡಿದ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆ ಅಂತ ಅವರೇ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಬಂತು. ಇನ್ನೊಬ್ಬರು ಹಲವು ವರ್ಷ ಇಲ್ಲೇ ಇದ್ದರು. 1933ರಲ್ಲಿ ಬರ್ಲಿನ್‌ನಲ್ಲಿ ಕೆಲಸ ಕಳೆದುಕೊಂಡ ಓಟೊ ಕೋನಿಗ್ಸ್‌ಬರ್ಗರ್, 1939ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ ಆದರು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವರು ಕಟ್ಟಿಸಿದ ಕಟ್ಟಡಗಳು ಈಗಲೂ ಇವೆ. ಬೆಂಗಳೂರಿಗೆ ಟ್ರಿಪ್ ಹೋದರೆ ತೋರಿಸಿ.

ಇಲ್ಲಿಂದ ದೊಡ್ಡ ಪ್ರಶ್ನೆಗೆ ಹೋಗಬಹುದು. ಓಡಿಸಿದ್ದು ಜರ್ಮನಿ, ಸರಿ. ಓಡಿ ಬಂದವರಿಗೆ ಬಾಗಿಲು ತೆರೆದವರು ಯಾರು? 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸಭೆ ಸೇರಿ ಕನಿಕರದ ಮಾತಾಡಿದವು. ದೊಡ್ಡ ಸಂಖ್ಯೆಯಲ್ಲಿ ಬರಮಾಡಿಕೊಳ್ಳುತ್ತೇವೆ ಅಂದದ್ದು ಡೊಮಿನಿಕನ್ ರಿಪಬ್ಲಿಕ್ ಅನ್ನುವ ಪುಟ್ಟ ದೇಶ. ಮರುವರ್ಷ 'ಸೇಂಟ್ ಲೂಯಿಸ್' ಹಡಗಿನಲ್ಲಿ 937 ಜನ ಕ್ಯೂಬಾದವರೆಗೆ ಹೋದರು. ಬಹುತೇಕ ಎಲ್ಲರನ್ನೂ ವಾಪಸ್ ಕಳಿಸಿದರು. ಅಮೆರಿಕದ ದಡದ ದೀಪ ಕಾಣುವಷ್ಟು ಹತ್ತಿರ ಬಂದಿತ್ತು ಆ ಹಡಗು. ಯುರೋಪಿಗೆ ಮರಳಿದವರಲ್ಲಿ 254 ಮಂದಿ ಮುಂದೆ ಹತ್ಯಾಕಾಂಡದಲ್ಲಿ ಸತ್ತರು.

ಕಾಪಾಡಿದವರ ಕಥೆ ಹೇಳಲೇಬೇಕು, ಆದರೆ ಅದರಲ್ಲೇ ಪಾಠ ಮುಗಿಸಬೇಡಿ. 1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್‌ನ ಜನ 7,000ಕ್ಕೂ ಹೆಚ್ಚು ಯಹೂದಿಗಳನ್ನು ಮೀನು ಹಿಡಿಯುವ ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಮನೆಯವರೂ ಸೇರಿ ಎಂಟು ಜನರನ್ನು ಎರಡು ವರ್ಷ ಅಡಗಿಸಿಟ್ಟು ಸಾಕಿದವರು ಮೀಪ್ ಗೀಸ್ ಮತ್ತು ಅವರ ಜೊತೆ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದವರು. ಆದರೆ ಅದೇ ನೆದರ್‌ಲೆಂಡ್ಸ್‌ನಲ್ಲಿದ್ದ ಸುಮಾರು 1 ಲಕ್ಷ 40 ಸಾವಿರ ಯಹೂದಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಕಾಪಾಡಿದವರು ಅಂತ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಗುರುತಿಸಿದವರು ಎಲ್ಲ ದೇಶ ಸೇರಿ 28,000 ಚಿಲ್ಲರೆ. ಇಡೀ ಯುರೋಪಿನ ಜನಸಂಖ್ಯೆ ಪಕ್ಕದಲ್ಲಿ ಬರೆದು ತೋರಿಸಿ. ಆ ಅಂತರ ಮಕ್ಕಳಿಗೆ ಕಾಣಬೇಕು.

ಪರೀಕ್ಷೆಗೆ "ಕಾರಣಗಳನ್ನು ಪಟ್ಟಿ ಮಾಡಿ" ಅಂತ ಕೇಳಬೇಡಿ. ಅಗ್ನಿಶಾಮಕದವರ ಮತ್ತು ಆ ಠಾಣೆಯ ಪೊಲೀಸರ ಘಟನೆ ನಾಲ್ಕು ಸಾಲಿನಲ್ಲಿ ಕೊಟ್ಟು, "ಇಬ್ಬರ ಮುಂದೆಯೂ ಇದ್ದ ದಾರಿಗಳು ಯಾವುವು?" ಅಂತ ಐದು ಅಂಕಕ್ಕೆ ಕೇಳಿ. ಪಟ್ಟಿ ಬಾಯಿಪಾಠ ಮಾಡಿದವರಿಗಿಂತ ಹಿಂದಿನ ಬೆಂಚಿನವರು ಚೆನ್ನಾಗಿ ಬರೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸೋಮವಾರ ಕ್ಲಾಸಿಗೆ ಹೋದ ಕೂಡಲೇ ಆ ಹುಡುಗನನ್ನು ಹೆಸರು ಹಿಡಿದು ಕರೆಯಿರಿ. "ಮೊನ್ನೆ ನಾನು ನಿನಗೆ ಅರ್ಧ ಉತ್ತರ ಕೊಟ್ಟೆ ಕಣಪ್ಪಾ" ಅನ್ನಿ. ಆಮೇಲೆ ಲೋರಾಖ್‌ನ ಫೋಟೋ ಅವನ ಕೈಗೆ ಕೊಟ್ಟು ಎಣಿಸಲು ಹೇಳಿ.